ಮೈಸೂರಿನ ಅಪರಾಧ, ಕೋರ್ಟು, ಬಡತನ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ಒಂದು ಕೊಲೆ ನಡೆದರೆ ಸಾಕು, ಮೈಸೂರಿನಲ್ಲಿ ಹಳೆಯ ಚರ್ಚೆ ಮತ್ತೆ ಶುರುವಾಗುತ್ತದೆ. ಕಾನೂನು ಸುವ್ಯವಸ್ಥೆ ಹದಗೆಟ್ಟಿದೆ ಎಂದು ವಿರೋಧ ಪಕ್ಷ ಹೇಳುತ್ತದೆ. ಅಂಕಿ ನೋಡಿ, ಕಡಿಮೆಯಾಗಿದೆ ಎಂದು ಸರ್ಕಾರ ಹೇಳುತ್ತದೆ. ಬಡತನ ಹೋಗದೆ ಅಪರಾಧ ಹೋಗದು ಎಂದು ಇನ್ನೊಬ್ಬರು. ಕೇಳುವ ಜನರಿಗೆ ಯಾವುದು ನಿಜ ಎಂದು ತಿಳಿಯುವುದಿಲ್ಲ. ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಇಟ್ಟುಕೊಂಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಟ್ಟಿಲ್ಲ.

ಮೈಸೂರು ಮೊದಲಿನ ಹಾಗಿಲ್ಲ, ಅಪರಾಧ ಜಾಸ್ತಿಯಾಗಿದೆ ಅಂತಾರೆ. ಹೌದಾ?

ಭಯ ಜಾಸ್ತಿಯಾಗಿರುವುದು ನಿಜ. ಅಪರಾಧ ಜಾಸ್ತಿಯಾಗಿದೆಯೋ ಇಲ್ಲವೋ ಎನ್ನುವುದನ್ನು ಪೊಲೀಸ್ ಲೆಕ್ಕ ಒಂದರಿಂದಲೇ ಹೇಳಲು ಆಗುವುದಿಲ್ಲ. ಆ ಲೆಕ್ಕದಲ್ಲಿ ಇರುವುದು ದಾಖಲಾದ ದೂರುಗಳು ಮಾತ್ರ. ನಡೆದದ್ದೆಲ್ಲ ಅದರಲ್ಲಿ ಬರುವುದಿಲ್ಲ.

ಸಿಟಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಯಾರದೋ ಮೊಬೈಲ್ ಕಳುವಾಯಿತು ಅಂದುಕೊಳ್ಳಿ. ಅವರಿಗೆ ಬೇಕಾದದ್ದು ಹಳೆಯ ನಂಬರಿನ ಹೊಸ ಸಿಮ್. ಕಳೆದುಹೋಗಿದೆ ಎಂದು ಪೊಲೀಸರ ಆನ್‌ಲೈನ್ ವ್ಯವಸ್ಥೆ ಇ-ಲಾಸ್ಟ್‌ನಲ್ಲಿ ನಮೂದಿಸಿದರೆ ಆ ಕೆಲಸ ಸಲೀಸಾಗಿ ಆಗಿಬಿಡುತ್ತದೆ. ಆದರೆ ಕಳ್ಳತನದ ಪಟ್ಟಿಯಿಂದ ಒಂದು ಕಳ್ಳತನ ಮಾಯವಾಯಿತು. ಇದು ಎಷ್ಟು ಸಲ ಹೀಗಾಗುತ್ತದೆ ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ 2023ರದ್ದು. ಮಂಡ್ಯದ ಒಂದು ಆಲೆಮನೆಯಲ್ಲಿ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದರು. ಹೆಣ್ಣು ಎಂದು ಗೊತ್ತಾದರೆ ಗರ್ಭಪಾತ. ಅದರ ಕೊಂಡಿ ಮೈಸೂರಿನ ಖಾಸಗಿ ಆಸ್ಪತ್ರೆವರೆಗೂ ಚಾಚಿತ್ತು. ಲಿಂಗ ಪತ್ತೆಗೆ 1994ರ ಕಾಯ್ದೆಯಲ್ಲೇ ನಿಷೇಧ ಇದೆ. ಆದರೆ ಇಲ್ಲಿ ದೂರು ಕೊಡುವವರೇ ಇರಲಿಲ್ಲ. ಮಾಡಿಸಿಕೊಂಡವರು ಬಾಯಿ ಬಿಡುವುದಿಲ್ಲ, ಹುಟ್ಟದ ಮಗು ಠಾಣೆಗೆ ಬರುವುದಿಲ್ಲ. ಜಾಲ ಸಿಕ್ಕಿಬೀಳುವವರೆಗೆ ಈ ಅಪರಾಧ ಯಾವ ಅಂಕಿಯಲ್ಲೂ ಇರಲಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಕೆ.ಆರ್. ಆಸ್ಪತ್ರೆಯಲ್ಲಿ ಹೊರರೋಗಿಗಳ ಸಾಲು ಉದ್ದವಾದರೆ ಊರಿಗೆ ಕಾಯಿಲೆ ಹೆಚ್ಚಾಗಿದೆ ಅಂತಲೇ ಅಲ್ಲ, ಜನ ಆಸ್ಪತ್ರೆಯನ್ನು ನಂಬಿ ಬರುತ್ತಿದ್ದಾರೆ ಅಂತಲೂ ಇರಬಹುದು. ಮನೆಯೊಳಗಿನ ಹಿಂಸೆಯ ದೂರು ಒಂದು ಠಾಣೆಯಲ್ಲಿ ಹೆಚ್ಚಾದರೆ ನಾನು ಮೊದಲು ನೋಡುವುದು ಅಲ್ಲಿ ಹೆಣ್ಣುಮಕ್ಕಳ ಮಾತನ್ನು ಕೂರಿಸಿಕೊಂಡು ಕೇಳುವ ಅಧಿಕಾರಿ ಬಂದಿದ್ದಾರಾ ಎಂದು.

ಟಿವಿಯಲ್ಲಿ ಹೇಳುವ ‘ಅಪರಾಧ ಪ್ರಮಾಣ’ ಎಲ್ಲಿಂದ ಬರುತ್ತದೆ? ಅದರಲ್ಲಿ ಮೈಸೂರು ಎಷ್ಟನೇ ಸ್ಥಾನ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅಂದರೆ ಎನ್‌ಸಿಆರ್‌ಬಿ ಈ ವರದಿ ತರುತ್ತದೆ. ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ದಾಖಲಾಗಿವೆ ಎನ್ನುವುದೇ ಅಪರಾಧ ಪ್ರಮಾಣ. ಮಹಾನಗರಗಳ ಪಟ್ಟಿಯಲ್ಲಿ 20 ಲಕ್ಷಕ್ಕಿಂತ ಹೆಚ್ಚು ಜನರಿರುವ 19 ನಗರಗಳಷ್ಟೇ ಇವೆ. ಕರ್ನಾಟಕದಿಂದ ಬೆಂಗಳೂರು ಮಾತ್ರ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 9 ಲಕ್ಷದ ಆಸುಪಾಸು. ಹಾಗಾಗಿ ಆ ಪಟ್ಟಿಯಲ್ಲಿ ಮೈಸೂರೇ ಇಲ್ಲ. ಆ ಪಟ್ಟಿ ಹಿಡಿದು ಮೈಸೂರಿಗೆ ಇಂತಿಷ್ಟನೇ ಸ್ಥಾನ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಇನ್ನೊಂದು ವಿಷಯ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ಇದೆ, ದರೋಡೆಯೂ ಇದೆ ಅಂದರೆ ಲೆಕ್ಕಕ್ಕೆ ಹಿಡಿಯುವುದು ದೊಡ್ಡ ಅಪರಾಧ ಒಂದನ್ನೇ.

ರಾಜ್ಯಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ದಾಖಲಾದ ಅಪರಾಧ ಪ್ರಮಾಣದಲ್ಲಿ ಕೇರಳ ಬಿಹಾರಕ್ಕಿಂತ ತುಂಬಾ ಮೇಲಿದೆ. ಕೇರಳದಲ್ಲಿ ಬದುಕುವುದು ಹೆಚ್ಚು ಅಪಾಯ ಅಂತ ಇದರ ಅರ್ಥವಲ್ಲ. ಅಲ್ಲಿ ಜನ ಠಾಣೆಗೆ ಹೋಗುತ್ತಾರೆ, ಠಾಣೆಯವರು ಬರೆದುಕೊಳ್ಳುತ್ತಾರೆ.

ಹಾಗಾದರೆ ಯಾವ ಅಂಕಿಯನ್ನೂ ನಂಬಬಾರದಾ?

ನಂಬಬಹುದು, ಆರಿಸಿಕೊಂಡು. ಕೊಲೆಯ ಅಂಕಿ ಹೆಚ್ಚು ಭರವಸೆಯದು. ಹೆಣ ಬಿದ್ದ ಮೇಲೆ ಬರೆದುಕೊಳ್ಳದೆ ಇರುವುದು ಕಷ್ಟ. ವಾಹನ ಕಳ್ಳತನದ್ದೂ ಪರವಾಗಿಲ್ಲ, ಯಾಕೆಂದರೆ ವಿಮೆ ಹಣಕ್ಕೆ ಎಫ್‌ಐಆರ್ ಬೇಕೇ ಬೇಕು. ಸರಗಳ್ಳತನ ಪತ್ರಿಕೆಗೆ ಬರುವುದರಿಂದ ಮುಚ್ಚಿಡುವುದು ಸುಲಭವಲ್ಲ. ಲೈಂಗಿಕ ದೌರ್ಜನ್ಯ, ಜಾತಿ ದೌರ್ಜನ್ಯ, ಮೀಟರ್ ಬಡ್ಡಿಯವರ ಕಿರುಕುಳ, ಇವುಗಳ ಅಂಕಿ ಮಾತ್ರ ಯಾವಾಗಲೂ ಕಡಿಮೆ ತೋರಿಸುತ್ತದೆ ಎಂದೇ ಇಟ್ಟುಕೊಳ್ಳಿ.

ಪಕ್ಷಗಳು ಇಷ್ಟು ಜಗಳ ಆಡುತ್ತವೆ. ಯಾರ ಮಾತು ಸರಿ?

2021ರ ಆಗಸ್ಟ್ ನೆನಪಿದೆಯಾ? ವಿದ್ಯಾರಣ್ಯಪುರಂನ ಚಿನ್ನದ ಅಂಗಡಿಯಲ್ಲಿ ದರೋಡೆ ನಡೆದು, ಗುಂಡೇಟಿಗೆ ಒಬ್ಬ ಯುವಕ ಸತ್ತ. ಅದರ ಬೆನ್ನಲ್ಲೇ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ. ಆಗ ಬಿಜೆಪಿ ಸರ್ಕಾರ, ಬೀದಿಗಿಳಿದದ್ದು ಕಾಂಗ್ರೆಸ್. ಆ ಹೊತ್ತಿನಲ್ಲಿ ಆ ವಿದ್ಯಾರ್ಥಿನಿ ಅಲ್ಲಿಗೆ ಹೋಗಬಾರದಿತ್ತು ಎಂಬರ್ಥದಲ್ಲಿ ಅಂದಿನ ಗೃಹ ಸಚಿವರು ಮಾತಾಡಿ ಟೀಕೆಗೆ ಗುರಿಯಾದರು. ಸಂಜೆ ಆರೂವರೆ ಮೇಲೆ ಹುಡುಗಿಯರು ಒಬ್ಬೊಬ್ಬರೇ ಓಡಾಡಬಾರದು ಎಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸುತ್ತೋಲೆ ಹೊರಟಿತು, ವಿರೋಧ ಬಂದ ಮೇಲೆ ವಾಪಸಾಯಿತು.

2025ರಲ್ಲಿ ಪಾತ್ರಗಳು ಅದಲು ಬದಲಾದವು. ಜುಲೈನಲ್ಲಿ ಮುಂಬೈ ಪೊಲೀಸರು ಬಂದು ಮೈಸೂರಿನಲ್ಲಿ ಮೆಫೆಡ್ರೋನ್ (ಎಂಡಿ) ಎಂಬ ಮಾದಕ ವಸ್ತು ತಯಾರಿಸುತ್ತಿದ್ದ ಜಾಗದ ಮೇಲೆ ದಾಳಿ ಮಾಡಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ತವರಿನಲ್ಲೇ ಹೀಗಾ ಎಂದು ಬಿಜೆಪಿ ಕೇಳಿತು. ದಸರಾ ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೂ ಘೋರವಾದದ್ದು ನಡೆಯಿತು. ಕಲಬುರಗಿ ಕಡೆಯಿಂದ ಬಲೂನು ಮಾರಲು ಬಂದಿದ್ದ ಕುಟುಂಬದ ಪುಟ್ಟ ಹುಡುಗಿಯ ಮೇಲೆ, ವಸ್ತುಪ್ರದರ್ಶನ ಮೈದಾನದ ಹತ್ತಿರ, ಅತ್ಯಾಚಾರ ಮಾಡಿ ಕೊಂದರು.

ಎರಡೂ ಸಲ ವಿರೋಧ ಪಕ್ಷಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಸಲ ಪ್ರಶ್ನೆ ಆರೋಪಿಗಳ ಬಂಧನದ ಹೊತ್ತಿಗೆ ನಿಂತುಹೋಯಿತು. ಆಮೇಲೆ ದೋಷಾರೋಪ ಪಟ್ಟಿ ಯಾವಾಗ ಹೋಯಿತು, ಸಾಕ್ಷಿಗಳು ಬಂದರಾ, ಎಷ್ಟು ವಾಯಿದೆ ಆಯಿತು, ತೀರ್ಪು ಏನು, ಇವುಗಳನ್ನು ಯಾವ ಪಕ್ಷವೂ ಪತ್ರಿಕಾಗೋಷ್ಠಿ ಕರೆದು ಕೇಳುವುದಿಲ್ಲ. ನನಗೆ ಬೇಸರ ಇರುವುದು ಅದರ ಮೇಲೆ.

ಬಡತನವೇ ಅಪರಾಧಕ್ಕೆ ಕಾರಣ ಅಲ್ವಾ?

ಇದನ್ನು ಒಂದೇ ಸಾಲಿನಲ್ಲಿ ಹೇಳುವವರು ಎರಡು ಥರ. ಬಡವರ ಮೇಲಿನ ಕನಿಕರದಿಂದ ಹೇಳುವವರು ಒಬ್ಬರು, ಬಡವರ ಮೇಲಿನ ಗುಮಾನಿಯಿಂದ ಹೇಳುವವರು ಇನ್ನೊಬ್ಬರು. ಇಬ್ಬರ ಮಾತೂ ಕೊನೆಗೆ ಬಡವರ ತಲೆಗೇ ಬರುತ್ತದೆ.

ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಗುತ್ತಿಗೆ ಕೆಲಸಗಾರರು, ದೇವರಾಜ ಮಾರುಕಟ್ಟೆಯ ಕೂಲಿಗಳು, ಇವರೆಲ್ಲ ಬಡವರೇ. ಇವರಲ್ಲಿ ಬಹುಪಾಲು ಜನ ಜೀವನದಲ್ಲಿ ಒಮ್ಮೆಯೂ ಕದ್ದವರಲ್ಲ. ಇನ್ನೊಂದು ಕಡೆ ನಕಲಿ ದಾಖಲೆ ಮಾಡಿ ನಿವೇಶನ ಮಾರುವವರು, ಚೀಟಿ ಹಣ ನುಂಗಿ ಓಡುವವರು, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯ ದೋಚುವವರು. ಇವರನ್ನು ಹಸಿವು ಈ ಕೆಲಸಕ್ಕೆ ಹಚ್ಚಿಲ್ಲ. ಆಲೆಮನೆಯ ಜಾಲ ನಡೆಸಿದವರನ್ನೂ ಹಚ್ಚಿಲ್ಲ.

ಹಾಗಂತ ಬಡತನಕ್ಕೂ ಅಪರಾಧಕ್ಕೂ ಸಂಬಂಧವೇ ಇಲ್ಲ ಎನ್ನಲಾಗದು. ಹತ್ತನೇ ತರಗತಿಗೆ ಶಾಲೆ ಬಿಟ್ಟ ಹುಡುಗ, ಕೆಲಸ ಇಲ್ಲ, ಮನೆಯಲ್ಲಿ ಕುಡಿತ, ಬೀದಿಯಲ್ಲಿ ಒಬ್ಬ ‘ಅಣ್ಣ’ ಬೈಕು ಕೊಡಿಸುತ್ತಾನೆ, ಗಾಂಜಾ ಪೊಟ್ಟಣ ಸಾಗಿಸಲು ಹೇಳುತ್ತಾನೆ. ಈ ದಾರಿ ಅನುಕೂಲಸ್ಥರ ಕುವೆಂಪುನಗರದ ಹುಡುಗನಿಗೂ ತೆರೆದಿದೆ. ಆದರೆ ಅವನು ಜಾರಿದರೆ ಎತ್ತಲು ಟ್ಯೂಷನ್, ವಕೀಲ, ಬೇರೆ ಊರಿನ ಚಿಕ್ಕಪ್ಪನ ಮನೆ ಎಲ್ಲ ಇರುತ್ತದೆ. ಕೊಳೆಗೇರಿಯ ಹುಡುಗನಿಗೆ ಇರುವುದಿಲ್ಲ.

ನಮ್ಮ ಚರ್ಚೆಯಲ್ಲಿ ಬಿಟ್ಟುಹೋಗುವ ಸಂಗತಿ ಇನ್ನೊಂದು. ಬಡತನ ಜನರನ್ನು ಮೊದಲು ಅಪರಾಧಕ್ಕೆ ಬಲಿಯಾಗುವ ಜಾಗದಲ್ಲಿ ನಿಲ್ಲಿಸುತ್ತದೆ. ಬಲೂನು ಮಾರುವವರ ಮಗುವಿಗೆ ಮಲಗಲು ಬಾಗಿಲು ಇರುವ ಒಂದು ಕೋಣೆ ಇದ್ದಿದ್ದರೆ? ಶೌಚಕ್ಕೆ ಕತ್ತಲಲ್ಲಿ ಹೊರಗೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ನಡೆದು ಬರುವ ಹೆಣ್ಣುಮಕ್ಕಳು, ಬಡ್ಡಿಯವನಿಗೆ ಹೆದರುವ ತಳ್ಳುಗಾಡಿಯವರು, ಇವರಿಗೆ ಪೊಲೀಸರು ಬೇಕು, ಗಟ್ಟಿಯಾದ ಕೋರ್ಟೂ ಬೇಕು. ಬಡವರ ಪರ ಅಂದರೆ ಕೇಸು ಸಡಿಲ ಮಾಡುವುದು ಎಂದು ತಿಳಿದವರು ಈ ಬಲಿಪಶುಗಳನ್ನು ಮರೆತಿದ್ದಾರೆ.

ಕೆಲವು ಬಡಾವಣೆಗಳ ಹೆಸರು ಹೇಳಿದರೆ ಸಾಕು, ಬಾಡಿಗೆ ಮನೆ ಕೊಡುವುದಿಲ್ಲ. ಆ ಏರಿಯಾಗಳೇ ಸರಿಯಿಲ್ಲವಾ?

ಉದಯಗಿರಿ, ಕೇಸರೆ, ಏಕಲವ್ಯನಗರ ಎಂದರೆ ಮುಖ ಸಿಂಡರಿಸುವವರು ಇದ್ದಾರೆ. ಪೊಲೀಸರು ಹೆಚ್ಚು ಸುತ್ತುವ ಕಡೆ ಹೆಚ್ಚು ಕೇಸು ಸಿಗುತ್ತವೆ. ಕೇಸು ಹೆಚ್ಚಾದರೆ ಇನ್ನೂ ಹೆಚ್ಚು ಸುತ್ತುತ್ತಾರೆ. ಜಯಲಕ್ಷ್ಮೀಪುರಂನ ಬಂಗಲೆಯೊಳಗಿನ ಗಾಂಜಾಗೆ ಗಸ್ತು ಇಲ್ಲ.

ಒಂದು ಸಮುದಾಯಕ್ಕೆ ಅಪರಾಧಿ ಎಂಬ ಮುದ್ರೆ ಒತ್ತುವುದು ನಮ್ಮಲ್ಲಿ ಕಾನೂನೇ ಆಗಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಬ್ರಿಟಿಷರು ಹುಟ್ಟಿನಿಂದಲೇ ಜನರನ್ನು ಕಳ್ಳರ ಪಟ್ಟಿಗೆ ಸೇರಿಸಿದರು. 1952ರಲ್ಲಿ ಅದು ರದ್ದಾಯಿತು. ಆ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದ್ದು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ತಡವಾಗಿ.

ಗ್ಯಾರಂಟಿ ಯೋಜನೆಗಳಿಂದ ಅಪರಾಧ ಕಡಿಮೆಯಾಗುತ್ತದಾ?

ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ರಂದು, ಮೈಸೂರಿನಲ್ಲೇ. ತಿಂಗಳಿಗೆ 2000 ರೂಪಾಯಿ ಮನೆಯ ಹೆಂಗಸಿನ ಖಾತೆಗೆ ಬಂದರೆ ಬಡ್ಡಿಯವನ ಮನೆಗೆ ಹೋಗುವುದು ತಪ್ಪಬಹುದು, ಗಂಡನ ಏಟಿಗೆ ಎದುರು ನಿಲ್ಲುವ ಧೈರ್ಯ ಬರಬಹುದು. ಅದು ದೊಡ್ಡ ವಿಷಯವೇ. ಆದರೆ ಸರಗಳ್ಳತನ ಕಡಿಮೆಯಾಗಿದ್ದು ಇದರಿಂದ ಎಂದು ವೇದಿಕೆಯಲ್ಲಿ ಹೇಳುವುದು ಬರೀ ರಾಜಕೀಯ. ಬಿಟ್ಟಿ ಹಣದಿಂದ ಸೋಮಾರಿಗಳಾಗಿ ಅಪರಾಧಕ್ಕೆ ಇಳಿದರು ಎನ್ನುವುದೂ ಅಷ್ಟೇ.

ಪೊಲೀಸರು ಹಿಡಿಯುತ್ತಾರೆ, ಕೋರ್ಟಿನಲ್ಲಿ ಬಿಟ್ಟುಬಿಡುತ್ತಾರೆ. ಯಾಕೆ?

ತಪ್ಪು ಜಡ್ಜ್‌ದು ಎಂದುಕೊಳ್ಳುವವರೇ ಜಾಸ್ತಿ. ಕೇಸು ಸಾಯುವುದು ಅದಕ್ಕೂ ಮುಂಚೆ.

ಎಫ್‌ಐಆರ್ ಆದ ಮೇಲೆ ತನಿಖೆ. ಅದು ಮುಗಿದಾಗ ಸಾಕ್ಷ್ಯ ಸಿಕ್ಕಿದ್ದರೆ ದೋಷಾರೋಪ ಪಟ್ಟಿ. ದೂರೇ ಸುಳ್ಳು ಅಥವಾ ಸಾಕ್ಷ್ಯ ಇಲ್ಲ ಅಂದರೆ ಬಿ ರಿಪೋರ್ಟ್. ಅಪರಾಧ ನಡೆದಿದೆ ಆದರೆ ಮಾಡಿದವರು ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ಪ್ರಕರಣದಲ್ಲಿ 2025ರಲ್ಲಿ ಲೋಕಾಯುಕ್ತ ಪೊಲೀಸರು ಬಿ ರಿಪೋರ್ಟ್ ಸಲ್ಲಿಸಿದ ಮೇಲೆ ಟೀ ಅಂಗಡಿಯಲ್ಲೂ ಇದು ಗೊತ್ತಿರುವ ಮಾತಾಯಿತು. ಬಿ ರಿಪೋರ್ಟ್ ಹಾಕಿದರೆ ಕೇಸು ಅಲ್ಲಿಗೇ ಮುಗಿಯಿತು ಅಂತಲ್ಲ. ದೂರುದಾರರು ಕೋರ್ಟಿನಲ್ಲಿ ತಕರಾರು ಸಲ್ಲಿಸಬಹುದು, ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು.

ಈಗ ದೋಷಾರೋಪ ಪಟ್ಟಿ ಹೋಯಿತು ಅಂದುಕೊಳ್ಳಿ. ಸರ್ಕಾರದ ಪರ ವಾದಿಸುವವರು ಸರ್ಕಾರಿ ಅಭಿಯೋಜಕರು, ಎಪಿಪಿ ಅಂತ ಕರೆಯುತ್ತೇವಲ್ಲ ಅವರು. ಅವರು ಪೊಲೀಸರ ಕೈಕೆಳಗೆ ಇರಬಾರದು ಎಂದು ಅಭಿಯೋಜನಾ ಇಲಾಖೆಯನ್ನೇ ಬೇರೆ ಮಾಡಿದ್ದಾರೆ. ಒಳ್ಳೆಯದೇ. ಆದರೆ ತನಿಖೆ ನಡೆಯುವಾಗಲೇ ಇಬ್ಬರೂ ಕೂತು ಮಾತಾಡಿಕೊಳ್ಳದಿದ್ದರೆ ಕಡತದಲ್ಲಿನ ತೂತು ಕಾಣುವುದು ಕೋರ್ಟಿನಲ್ಲೇ. ಆಗ ಕಾಲ ಮೀರಿರುತ್ತದೆ.

ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದ ಕಾಗದಕ್ಕೆ, ಸಾಕ್ಷಿಯಾಗಿ ಸಹಿ ಹಾಕಿದ ಪಂಚರು, ನನಗೇನೂ ಗೊತ್ತಿಲ್ಲ, ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು ಎನ್ನುತ್ತಾರೆ. ಕಣ್ಣಾರೆ ಕಂಡವರು ತಿರುಗಿಬೀಳುತ್ತಾರೆ. ಎಲ್ಲರೂ ದುಡ್ಡು ತಿಂದು ತಿರುಗುವುದಿಲ್ಲ. ಕೃಷ್ಣರಾಜ ಬುಲೆವಾರ್ಡ್‌ನ ಕೋರ್ಟಿಗೆ ಗಾರೆ ಕೆಲಸದವರೊಬ್ಬರು ಸಾಕ್ಷಿ ಹೇಳಲು ಬಂದರೆ ಆ ದಿನದ ಕೂಲಿ ಹೋಯಿತು. ಮಧ್ಯಾಹ್ನದವರೆಗೆ ಕಾದ ಮೇಲೆ ವಾಯಿದೆ. ಇನ್ನೊಂದು ಸಲ ಬಂದರೆ ವಕೀಲರಿಲ್ಲ, ಮತ್ತೆ ವಾಯಿದೆ. ಆರೋಪಿಯ ಕಡೆಯವರು ಅದೇ ಬೀದಿಯಲ್ಲಿ ಇರುತ್ತಾರೆ. ಅವರು ರಾಜಿಯಾಗಿಬಿಡೋಣ ಅಂದಾಗ ಆತ ಒಪ್ಪಿದರೆ ದೂರುವುದು ಹೇಗೆ? ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ರಾಜ್ಯಗಳು ಇದನ್ನು ಮಾಡಲೇಬೇಕು ಎನ್ನುತ್ತದೆ. ಬೀದಿಯ ಮಟ್ಟಕ್ಕೆ ಅದು ಇಳಿಯಬೇಕು.

ತನಿಖಾಧಿಕಾರಿಯ ಕಷ್ಟವೂ ಇದೆ. ದಸರಾ ಬಂದರೆ ಬಂದೋಬಸ್ತ್, ಗಣ್ಯರು ಬಂದರೆ ಬಂದೋಬಸ್ತ್, ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರಕ್ಕೂ ಬಂದೋಬಸ್ತ್. ಕಡತ ಮೇಜಿನ ಮೇಲೆ ಕೂತಿರುತ್ತದೆ. ತನಿಖೆಗೂ ಬಂದೋಬಸ್ತಿಗೂ ಬೇರೆ ಬೇರೆ ಪೊಲೀಸರು ಇರಬೇಕು ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. ಮೈಸೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯ ಇದೆ. ಈ ನಿಯಮ ಸರಿಯಾಗಿ ನಡೆದರೆ ಹೆದರಿದ ಪಂಚರ ಮೇಲಿನ ಭಾರವಾದರೂ ಇಳಿಯುತ್ತದೆ.

ಕಠಿಣ ಶಿಕ್ಷೆ, ಎನ್‌ಕೌಂಟರ್, ರೌಡಿ ಪರೇಡ್. ಇವು ಭಯ ಹುಟ್ಟಿಸುವುದಿಲ್ಲವಾ?

ಹುಟ್ಟಿಸುತ್ತವೆ, ಎರಡು ವಾರ. ಶಿಕ್ಷೆ ಎಷ್ಟು ಘೋರ ಎನ್ನುವುದಕ್ಕಿಂತ ಎಷ್ಟು ಖಚಿತ ಎನ್ನುವುದು ಅಪರಾಧ ತಡೆಯುತ್ತದೆ ಎಂದು ಇಟಲಿಯ ಬೆಕರಿಯಾ 1764ರಲ್ಲೇ ಬರೆದರು. ಆಮೇಲಿನ ಸಂಶೋಧನೆಗಳು ಹೆಚ್ಚಾಗಿ ಅದನ್ನೇ ಹೇಳಿವೆ. ನಮ್ಮಲ್ಲಿ 2013ರಲ್ಲಿ ಅತ್ಯಾಚಾರದ ಕಾನೂನು ಬಿಗಿಯಾಯಿತು. ಕೇಸು ಮುಗಿಯುವ ವೇಗ ಅದರ ಜೊತೆ ಬದಲಾಗಲಿಲ್ಲ. ಹತ್ತು ವರ್ಷದ ಶಿಕ್ಷೆ ಹತ್ತು ವರ್ಷ ಬಿಟ್ಟು ಬರಬಹುದು ಎಂದರೆ ಯಾರೂ ಹೆದರುವುದಿಲ್ಲ. ರೌಡಿ ಪಟ್ಟಿಯಲ್ಲಿ ನಿಜವಾದ ರೌಡಿಯೂ ಇರುತ್ತಾನೆ, ಹಳೆಯ ಗಲಾಟೆಯಲ್ಲಿ ಹೆಸರು ಬಂದು ಈಗ ಆಟೋ ಓಡಿಸಿ ಸಂಸಾರ ಮಾಡುವವನೂ ಇರುತ್ತಾನೆ. ಅವನನ್ನು ಮಕ್ಕಳ ಮುಂದೆ ಪರೇಡ್ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಅಮೆರಿಕದಲ್ಲಿ 950 ಡಾಲರ್‌ವರೆಗೆ ಕದ್ದರೆ ಕೇಸೇ ಇಲ್ಲವಂತೆ. ಉದಾರವಾದರೆ ಹಾಗಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂತು.

ಅರ್ಧ ಸತ್ಯ. ಕ್ಯಾಲಿಫೋರ್ನಿಯಾದ ಜನ 2014ರಲ್ಲಿ ಮತ ಹಾಕಿ ಒಪ್ಪಿದ ಕಾನೂನಿನಲ್ಲಿ 950 ಡಾಲರ್‌ವರೆಗಿನ ಕಳ್ಳತನ ಸಣ್ಣ ಅಪರಾಧ. ಅಪರಾಧವೇ ಅಲ್ಲ ಎಂದಲ್ಲ, ಅದಕ್ಕೂ ಆರು ತಿಂಗಳವರೆಗೆ ಜೈಲು ಇದೆ. ಬಿಗಿ ಕಾನೂನಿಗೆ ಹೆಸರಾದ ಟೆಕ್ಸಾಸ್‌ನಲ್ಲಿ ಆ ಗೆರೆ ಇನ್ನೂ ಮೇಲೆ, 2500 ಡಾಲರ್. ಅಮೆರಿಕದ ಬಹುತೇಕ ಕಡೆ ಜಿಲ್ಲಾ ಅಭಿಯೋಜಕರನ್ನು ಜನರೇ ಚುನಾಯಿಸುತ್ತಾರೆ. ಹಾಗಾಗಿ ಅಪರಾಧ ಯಾವಾಗಲೂ ಚುನಾವಣೆಯ ವಿಷಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಧಾರಣೆಯ ಪರ ಇದ್ದ ಅಭಿಯೋಜಕ ಚೆಸಾ ಬೌಡಿನ್ ಅವರನ್ನು 2022ರಲ್ಲಿ ಮತ ಹಾಕಿ ಇಳಿಸಿದರು. 2024ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದವರು ಪದೇ ಪದೇ ಕದಿಯುವವರ ಮೇಲೆ ಕಾನೂನನ್ನು ಮತ್ತೆ ಬಿಗಿ ಮಾಡಿದರು. ಆದರೆ 2020ರಲ್ಲಿ ಆ ದೇಶದಲ್ಲಿ ಕೊಲೆಗಳು ಏರಿದಾಗ ಉದಾರ ಊರು, ಬಿಗಿ ಊರು ಎಂಬ ಭೇದವಿಲ್ಲದೆ ಏರಿದವು. ಆಮೇಲೆ ಹಾಗೇ ಇಳಿದವು.

ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಹೊಸ ಕಾನೂನಿನಲ್ಲೇ 5000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ ಈಗ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೊದಲ ಸಲ ತಪ್ಪಿತಸ್ಥ ಎಂದಾದವನು ವಸ್ತು ವಾಪಸು ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಹಸಿವಿಗೆ ಕದ್ದ ಹುಡುಗನನ್ನು ಜೈಲಿಗೆ ಕಳುಹಿಸದಿರುವುದು ಒಳ್ಳೆಯದು, ನಾನು ಅದರ ಪರ. ಆದರೆ ಮನೆಗೆಲಸದ ಹೆಣ್ಣುಮಗಳ 4500 ರೂಪಾಯಿಯ ಫೋನು ಕಳುವಾದರೆ ಅವಳ ಪಾಲಿಗೆ ಅದು ಒಂದು ತಿಂಗಳ ದುಡಿಮೆಯ ದೊಡ್ಡ ಪಾಲು. ಅವಳಿಗೆ ಎಫ್‌ಐಆರ್ ಇಲ್ಲ, ಅವಳು ಕೆಲಸ ಮಾಡುವ ಮನೆಯವರ ಫೋನಿಗೆ ಇದೆ. ಕಾಗದದ ಮೇಲೆ ಕಳ್ಳತನ ಕಡಿಮೆಯಾದಂತೆಯೂ ಕಾಣುತ್ತದೆ. ಈ ಬಗ್ಗೆ ಗಲಾಟೆ ಮಾಡಿದವರು ಬಹಳ ಕಡಿಮೆ.

ಜೈಲಿನಲ್ಲಿ ಇರುವವರೆಲ್ಲ ಅಪರಾಧಿಗಳಲ್ಲವಾ?

ಅಲ್ಲ. 2022ರ ಕೊನೆಯ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನರು, ತೀರ್ಪು ಬಾರದವರು. ನಾಲ್ವರಲ್ಲಿ ಮೂವರು. ಈ ವಿಚಾರಣಾಧೀನರಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಸೇರಿದವರು. ಇದನ್ನು ನೋಡಿ ಇವರೇ ಅಪರಾಧ ಮಾಡುವುದು ಎನ್ನಬೇಡಿ. ಜಾಮೀನು ಕೊಡಿಸಲು ಆಗದವರು ಯಾರು ಎಂಬುದನ್ನು ಈ ಅಂಕಿ ತೋರಿಸುತ್ತದೆ.

ಜಾಮೀನಿನ ಆದೇಶ ಸಿಕ್ಕಿದರೂ ಜಾಮೀನುದಾರ ಬೇಕು. ಆತನ ಹೆಸರಲ್ಲಿ ಪಹಣಿಯೋ ಮನೆ ಕಂದಾಯದ ರಸೀದಿಯೋ ಬೇಕು. ಬಾಡಿಗೆ ಗುಡಿಸಲಿನವರಿಗೆ ಯಾರು ಕೊಡುತ್ತಾರೆ? 1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವರಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ತಿರಸ್ಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿದರು. ಇಷ್ಟು ವರ್ಷ ಕಳೆದರೂ ಅದೇ ಕಥೆ.

ಈಗ ಇರುವ ದಾರಿಗಳು: ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ, ಹೊಸ ಸಂಹಿತೆಯ 479ನೇ ಕಲಮಿನಲ್ಲಿ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಮತ್ತು ಬೇರೆ ಕೇಸುಗಳೂ ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ದುಡ್ಡಿಲ್ಲದ ವಿಚಾರಣಾಧೀನರ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿ ಇರುವವರು ಆದಾಯ ಪ್ರಮಾಣಪತ್ರ ತೋರಿಸಬೇಕಾಗಿಲ್ಲ.

ಸಿಸಿಟಿವಿ ಹಾಕಿದರೆ?

ಹಿಡಿಯಲು ಸಹಾಯ ಆಗುತ್ತದೆ, ಅದು ಕೆಲಸ ಮಾಡುತ್ತಿದ್ದರೆ. ನನ್ನನ್ನು ಕೇಳಿದರೆ ರಿಂಗ್ ರಸ್ತೆಗೂ ಕೊಳೆಗೇರಿಯ ಶೌಚಾಲಯದ ದಾರಿಗೂ ಮೊದಲು ಬೀದಿ ದೀಪ ಉರಿಯಲಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಏನು ಮಾಡುವುದು?

ಸಂಜ್ಞೇಯ ಅಪರಾಧವಾದರೆ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದದ್ದಾದರೆ, ಎಫ್‌ಐಆರ್ ಹಾಕಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಹಿರಿಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ನಮ್ಮ ಸರಹದ್ದಲ್ಲ ಎಂದು ವಾಪಸು ಕಳುಹಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗಬೇಕು.

ದೂರನ್ನು ಬರೆದುಕೊಂಡೇ ಹೋಗಿ, ಒಂದು ಪ್ರತಿ ಕೈಯಲ್ಲಿರಲಿ. ಸ್ವೀಕೃತಿ ಅಥವಾ ಹಿಂಬರಹ ಇಲ್ಲದೆ ಎದ್ದು ಬರಬೇಡಿ. ಕೊಡದಿದ್ದರೆ ಅದೇ ದೂರನ್ನು ನಗರ ಪೊಲೀಸ್ ಆಯುಕ್ತರಿಗೆ, ಹಳ್ಳಿ ಕಡೆಯಾದರೆ ಎಸ್‌ಪಿ ಅವರಿಗೆ, ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ. ರಸೀದಿ ಇಟ್ಟುಕೊಳ್ಳಿ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು, ಆಗ ಈ ರಸೀದಿ ಬೇಕಾಗುತ್ತದೆ. ಎಫ್‌ಐಆರ್‌ನ ಪ್ರತಿ ಉಚಿತ. ದಾಖಲಾದ ಮೇಲೆ ಅಪರಾಧ ಸಂಖ್ಯೆ ಬರೆದಿಟ್ಟುಕೊಳ್ಳಿ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರೇ ನಿಮಗೆ ತಿಳಿಸಬೇಕು ಎಂಬ ನಿಯಮ ಈಗ ಇದೆ. ತಿಳಿಸದಿದ್ದರೆ ಆ ಸಂಖ್ಯೆ ಹಿಡಿದು ಠಾಣೆಗೆ ಹೋಗಿ ಕೇಳಿ.